ಮದ್ದೂರಿಗೆ ಬಂದ ಕಾಫಿ ಹೂವಿನ ವಾಸನೆ

ಮದ್ದೂರಿನಲ್ಲಿ ನಮ್ಮದೊಂದು ಕಾಫಿಪುಡಿ ಅಂಗಡಿ ಇದೆ. ಅಪ್ಪ ಶುರು ಮಾಡಿದ್ದು. ಅವರು ತೀರಿಕೊಂಡ ಮೇಲೆ ನಾನು ನಡೆಸುತ್ತಿದ್ದೇನೆ. ಮುಂದೆ ಅಂಗಡಿ, ನಡುವೆ ಬೀಜ ಹುರಿಯುವ ಡ್ರಮ್ಮು ಮತ್ತು ಬೀಸುವ ಯಂತ್ರ, ಹಿಂದೆ ನಾನೂ ಅವ್ವನೂ ಇರುವ ಮನೆ. ಕಬ್ಬು, ಭತ್ತ ಬೆಳೆಯುವ ಈ ಸೀಮೆಯಲ್ಲಿ ಕಾಫಿ ಬೆಳೆದವರನ್ನು ನಾನು ಕಂಡಿಲ್ಲ. ನಮ್ಮ ಬೀಜ ಚಿಕ್ಕಮಗಳೂರಿನ ಕಡೆಯಿಂದ ಗೋಣಿಚೀಲದಲ್ಲಿ ಬರುತ್ತದೆ. ಆದರೂ ಬೆಸಗರಹಳ್ಳಿಯಿಂದ, ಮಳವಳ್ಳಿಯಿಂದ ಕೆಲಸಕ್ಕೆಂದು ಬಂದವರು ನಮ್ಮ ಬಾಗಿಲ ಮುಂದೆ ಒಂದು ಗಳಿಗೆ ನಿಂತು, ಉಸಿರೆಳೆದುಕೊಂಡೇ ಬಸ್‌ಸ್ಟ್ಯಾಂಡಿನ ಕಡೆಗೆ ಹೋಗುತ್ತಾರೆ.

ಹಸಿ ಬೀಜಕ್ಕೆ ಕಾಫಿಯ ವಾಸನೆಯೇ ಇರುವುದಿಲ್ಲ. ಮೂಸಿದರೆ ಒಣಹುಲ್ಲಿನ ಹಾಗೆ, ಹಸಿ ಬಟಾಣಿಯ ಹಾಗೆ ಇರುತ್ತದೆ. ಬಿಸಿಗೆ ಹಳದಿಯಾಗಿ, ಕಂದಾಗಿ, ಪಟಪಟ ಸಿಡಿಯತೊಡಗಿದಾಗ ಅದರೊಳಗೆ ನೂರಾರು ಬಗೆಯ ಘಮ ಹುಟ್ಟಿಕೊಳ್ಳುತ್ತದೆ. ಸಿಡಿದ ಬೀಜವನ್ನು ಯಾವ ಕ್ಷಣದಲ್ಲಿ ಹೊರಗೆ ಸುರಿಯಬೇಕೆಂದು ಅಪ್ಪ ಮೂಗಿನಿಂದಲೇ ತಿಳಿಯುತ್ತಿದ್ದರು. ನನಗೂ ಹಾಗೇ ಕಲಿಸಿದರು.

ಹುರಿಯುತ್ತ ಕಥೆ ಹೇಳುವುದು ಅವರ ಅಭ್ಯಾಸ. ಇಥಿಯೋಪಿಯಾದ ಬೆಟ್ಟದಲ್ಲಿ ಕೆಂಪು ಹಣ್ಣು ತಿಂದ ಮೇಕೆಗಳು ನಿದ್ದೆಗೆಟ್ಟು ಕುಣಿದಾಡಿದ್ದು, ಕಡಲಾಚೆಯ ಯೆಮನ್ನಿನಲ್ಲಿ ಸೂಫಿಗಳು ಇರುಳ ಪ್ರಾರ್ಥನೆಗೆ ಎಚ್ಚರವಿರಲು ಅದರ ಕಷಾಯ ಕುಡಿದದ್ದು, ಅವರ ಕಹ್ವಾ ಎಂಬ ಮಾತು ಬಾಯಿಂದ ಬಾಯಿಗೆ ಹೋಗಿ ಕಾಫಿಯಾದದ್ದು. ಅಮಲಿನ ಪದಾರ್ಥವೆಂದು ಅಲ್ಲಿ ಕೆಲವು ಕಾಲ ನಿಷೇಧವೂ ಆಗಿತ್ತಂತೆ. ಅರಬ್ಬರು ಬೀಜವನ್ನು ಬೇಯಿಸಿಯೋ ಹುರಿದೋ ಅದರ ಜೀವ ತೆಗೆದೇ ಹಡಗಿಗೆ ಹತ್ತಿಸುತ್ತಿದ್ದರಂತೆ, ಬೇರೆ ನೆಲದಲ್ಲಿ ಮೊಳೆಯಬಾರದೆಂದು. ಹಜ್ ಮುಗಿಸಿ ಮರಳಿದ ಸಂತರೊಬ್ಬರು ಜೀವವಿದ್ದ ಏಳು ಬೀಜಗಳನ್ನು ಮೈಮೇಲೆ ಬಚ್ಚಿಟ್ಟುಕೊಂಡು ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಊರಿದರು ಎಂಬುದು ನಮ್ಮ ನಾಡಿನ ಐತಿಹ್ಯ. ಮುಂದೆ ಡಚ್ಚರು ನಮ್ಮ ಕರಾವಳಿಯಿಂದ ಸಸಿ ಒಯ್ದು ಜಾವಾದಲ್ಲಿ ಬೆಳೆದರು. ಅಲ್ಲಿಂದ ಅದು ಯುರೋಪಿನ ಗಾಜಿನ ಮನೆಗಳಿಗೆ, ಮತ್ತೆ ಅಮೆರಿಕದ ದ್ವೀಪಗಳಿಗೆ ಹೋಯಿತು. ಆ ಪಯಣದಲ್ಲಿ ಹಡಗಿನಲ್ಲಿ ನೀರಿಗೆ ತತ್ವಾರವಾದಾಗ ಫ್ರೆಂಚ್ ಅಧಿಕಾರಿಯೊಬ್ಬ ತನ್ನ ಪಾಲಿನ ಕುಡಿಯುವ ನೀರನ್ನೇ ಸಸಿಗೆ ಎರೆದನಂತೆ.

"ಈ ಗಿಡ ಮನುಸ್ರ ತಲೆ ಒಳಕ್ಕೆ ಒಕ್ಕಂಡು, ತನಗೆ ಬೇಕಾದ್ ಕಡೀಕೆ ತಾನೇ ಒಯ್ಸ್ಕೊತದೆ ಕಣವ್ವ," ಎನ್ನುತ್ತಿದ್ದರು ಅಪ್ಪ. ನಾನು ನಗುತ್ತಿದ್ದೆ.

ಒಮ್ಮೆ ಅವರು ನನ್ನನ್ನು ಕಾಫಿ ತೋಟಕ್ಕೂ ಕರೆದುಕೊಂಡು ಹೋಗಿದ್ದರು. ಬೇಸಿಗೆಯಲ್ಲಿ ಮೊಗ್ಗು ಅರಳಿಸುವ ಹೂಮಳೆ ಬಿದ್ದು ಕೆಲವು ದಿನ ಕಳೆದಿದ್ದವು. ಇಡೀ ತೋಟ ಒಂದೇ ಬೆಳಗಿಗೆ ಬೆಳ್ಳಗೆ ಬಿರಿದಿತ್ತು. ಮಲ್ಲಿಗೆಯ ವಾಸನೆ, ಅದರ ಅಡಿಯಲ್ಲಿ ಹಸಿ ಹಾಲಿನಂಥ ಇನ್ನೇನೋ. ಯುರೋಪಿನ ಸಸ್ಯಶಾಸ್ತ್ರದವರು ಮೊದಮೊದಲು ಕಾಫಿಯನ್ನು ಅರಬ್ಬೀ ಮಲ್ಲಿಗೆ ಎಂದೇ ಕರೆದಿದ್ದರಂತೆ. ಎರಡು ಮೂರು ದಿನ ಅಷ್ಟೆ, ಆಮೇಲೆ ಹೂವೆಲ್ಲ ಕಂದಿ ಉದುರಿಹೋಗುತ್ತದೆ.

ಕೊರೊನಾ ಬಂದಾಗ ನನಗೆ ಜ್ವರವೇನೂ ಜೋರಾಗಿ ಬರಲಿಲ್ಲ. ಮೂಗು ಮಾತ್ರ ಹೋಯಿತು. ಒಗ್ಗರಣೆಯೂ ಇಲ್ಲ, ಸೋಪೂ ಇಲ್ಲ, ಕಬ್ಬಿನ ಗಾಡಿ ಹಾದುಹೋದರೆ ಬೆಲ್ಲದ ನೆನಪೂ ಇಲ್ಲ. ಕೆಲವು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಡ್ರಮ್ಮಿನ ಬಾಗಿಲು ತೆಗೆದಾಗ ಸುಟ್ಟ ಕೂದಲಿನ, ಕೊಳೆತ ಮೊಟ್ಟೆಯ ನಾತ ಮುಖಕ್ಕೆ ಬಡಿಯಿತು. ಹಿತ್ತಿಲಿಗೆ ಓಡಿ ವಾಂತಿ ಮಾಡಿಕೊಂಡೆ. ಬೀಜ ಚೆನ್ನಾಗಿಯೇ ಇತ್ತು. ಲೋಕದಲ್ಲಿ ನನ್ನ ಮೂಗಿಗೆ ತಾಕುತ್ತಿದ್ದದ್ದು ಕಾಫಿ ಒಂದೇ, ಅದೂ ಹೆಣದ ನಾತವಾಗಿ.

ಮಂಡ್ಯದ ಡಾಕ್ಟರು ಸಮಾಧಾನವಾಗಿಯೇ ಹೇಳಿದರು. "ಮೂಗಿನ ನರಗಳು ಮತ್ತೆ ಬೆಳೀವಾಗ ಹೀಗೆ ತಪ್ಪು ಸಂದೇಶ ಕೊಡ್ತವಮ್ಮ. ಬಹಳ ಜನಕ್ಕೆ ಕಾಫಿ ವಾಸನೆಯೇ ಹೀಗೆ ಕೆಡುತ್ತೆ. ಕಾಯಬೇಕು."

ಕಾದೆ. ಹುರಿಯುವ ಕೆಲಸವನ್ನು ನಮ್ಮಲ್ಲಿ ಹಳೆಯ ಆಳಾಗಿದ್ದವನಿಗೆ ವಹಿಸಿ, ನಾನು ಅಂಗಡಿಯ ಹೊರಗೆ ಕುರ್ಚಿ ಹಾಕಿಕೊಂಡು ಮೂಗಿಗೆ ಸೆರಗು ಕಟ್ಟಿಕೊಂಡು ವ್ಯಾಪಾರ ನೋಡುತ್ತಿದ್ದೆ. ಕಾಫಿಯಿಲ್ಲದೆ ಬೆಳಗಾಗದ ಅವ್ವ ತನ್ನ ಲೋಟವನ್ನು ಹಿತ್ತಿಲಿಗೆ ಒಯ್ದು, ಕದ್ದು ಕುಡಿಯುವವಳ ಹಾಗೆ ಗೋಡೆಯ ಕಡೆ ತಿರುಗಿ ಕುಡಿಯುತ್ತಿದ್ದಳು.

ಮುಂದಿನ ಬೇಸಿಗೆಯ ಒಂದು ಮಧ್ಯಾಹ್ನ. ಕರೆಂಟು ಹೋಗಿ ಯಂತ್ರ ನಿಂತಿತ್ತು. ಬೀದಿ ಬಿಸಿಲಿಗೆ ಖಾಲಿಯಾಗಿತ್ತು. ಆಗ ನನಗೆ ಕಾಫಿ ಹೂವಿನ ವಾಸನೆ ಬಂತು. ಅದೇ ಮಲ್ಲಿಗೆ, ಅದರಡಿಯ ಅದೇ ಹಸಿ ಹಾಲು. ಯಾರೋ ಹೂವನ್ನು ಮುಖಕ್ಕೆ ಒತ್ತಿ ಹಿಡಿದಷ್ಟು ಹತ್ತಿರ.

ಅವ್ವನನ್ನು ಕೂಗಿದೆ. ಅವಳು ಬಂದು ಮೂಗೆತ್ತಿ ನೋಡಿದಳು. "ಏನೂ ಇಲ್ವಲ್ಲವ್ವ. ದೂಳು ಅಷ್ಟೆ."

"ಇಲ್ಲ, ಆ ಕಡೆಯಿಂದ ಬರ್ತಾ ಇದೆ. ನೋಡ್ಕೊಂಡು ಬರ್ತೀನಿ."

ಅವ್ವ ನನ್ನ ಮುಖವನ್ನೇ ದಿಟ್ಟಿಸಿದಳು. "ನಿನ್ನೊಬ್ಳನ್ನೇ ಬುಡಾಕಿಲ್ಲ. ನಾನೂ ಬತ್ತೀನಿ ನಡಿ," ಎಂದು ಸ್ಕೂಟರಿನ ಹಿಂದೆ ಕೂತಳು.

ಗಾಳಿಯ ಸುಳಿವೇ ಇರಲಿಲ್ಲ. ವಾಸನೆ ದೂರವಾದಂತೆ ತೆಳುವಾಗಬೇಕು, ಹತ್ತಿರವಾದಂತೆ ದಟ್ಟವಾಗಬೇಕು. ಇದು ಹಾಗಿರಲಿಲ್ಲ. ಸರಿಯಾದ ದಾರಿಯಲ್ಲಿದ್ದರೆ ಒಂದೇ ಸಮನೆ ಇರುತ್ತಿತ್ತು. ತಪ್ಪು ತಿರುವು ಹಿಡಿದರೆ ಬಾಗಿಲು ಹಾಕಿದ ಹಾಗೆ ನಿಂತುಹೋಗುತ್ತಿತ್ತು. ಹಿಂದಕ್ಕೆ ಬಂದರೆ ಮತ್ತೆ ಶುರು. ಹಾಗೇ ಊರು ದಾಟಿ, ಗದ್ದೆ ದಾಟಿ, ವೈದ್ಯನಾಥಪುರದ ದಾರಿ ಹಿಡಿದೆವು. ದೇವಸ್ಥಾನ ಕಂಡಾಗ ಅವ್ವ ಕೂತಲ್ಲಿಂದಲೇ ಕೈಮುಗಿದಳು.

ಊರಿನಾಚೆ ಹೊಳೆಯ ಕಡೆಗಿದ್ದ ಕೊನೆಯ ಮನೆಯ ಮುಂದೆ ವಾಸನೆ ನಮ್ಮನ್ನು ತಂದು ನಿಲ್ಲಿಸಿತು. ಜಗಲಿಯ ಮೇಲೆ ನಡುವಯಸ್ಸಿನ ಹೆಂಗಸೊಬ್ಬಳು ರಾಗಿ ಕೇರುತ್ತಿದ್ದಳು.

"ಯಾರ್ ಬೇಕಾಗಿತ್ತವ್ವ?"

ನಾನು ಸ್ಕೂಟರ್ ನಿಲ್ಲಿಸುತ್ತಿದ್ದೆ. ಅವ್ವನೇ ಕೇಳಿದಳು, "ನಿಮ್ಮ ಇತ್ಲಲ್ಲಿ ಊವಿನ ಗಿಡ ಏನಾದ್ರೂ ಅದಾ?"

ಆಕೆ ಮೊರ ಕೆಳಗಿಟ್ಟಳು. "ನಿಮಗ್ಯಾರ್ ಏಳುದ್ರು? ಇವತ್ ಬೆಳಿಗ್ಗೆ ಬುಟ್ಟದೆ, ಮೈತುಂಬ. ಇದೇ ಮೊದ್ಲು. ಯಾವ ಗಿಡ ಅಂತ್ಲೂ ಗೊತ್ತಿಲ್ಲ. ನಾವ್ಯಾರೂ ನೆಟ್ಟುದ್ದಲ್ಲ, ತಾನೇ ಉಟ್ಕಂಡದ್ದು. ನಮ್ಮ ನಾಯಿ ಬೆಳಿಗ್ಗೆಯಿಂದ ಇತ್ಲ್ ಕಡೀಕೇ ಓಯ್ತಾ ಇಲ್ಲ."

ಹಿತ್ತಿಲಿನ ಮಾವಿನ ಮರದ ನೆರಳಿನಲ್ಲಿ ಅದು ನಿಂತಿತ್ತು. ನನ್ನ ಎತ್ತರದ ಕಾಫಿ ಗಿಡ. ರೆಂಬೆ ಕಾಣದಷ್ಟು ಬಿಳಿ. ಎಲೆ ನೋಡಿದರೆ ಅರೇಬಿಕಾ ಜಾತಿಯದು. ತಂಪು ಬೆಟ್ಟ ಬಿಟ್ಟರೆ ಸೊರಗುವ ಗಿಡ, ಈ ಸೆಕೆಯಲ್ಲಿ ಹೊಳೆಯುತ್ತ ನಿಂತಿದೆ. ಅವ್ವ ಹಿತ್ತಿಲಿಗೆ ಕಾಲಿಟ್ಟವಳೇ ಸೆರಗಿನಿಂದ ಮೂಗು ಮುಚ್ಚಿಕೊಂಡಳು. "ಅಯ್ಯೋ ಸಿವನೇ, ತಲೆ ತಿರುಗೋ ಅಂಗದಲ್ಲೇ ವಾಸ್ನೆ!"

ನಾನು ಬಾಗಿ ಒಂದು ಗೊಂಚಲಿನೊಳಗೆ ಮುಖ ಇಟ್ಟೆ. ದಳಗಳು ತುಟಿಗೆ ತಣ್ಣಗೆ ತಾಕಿದವು. ವಾಸನೆ ಇರಲಿಲ್ಲ. ಮದ್ದೂರಿನಿಂದ ನನ್ನನ್ನು ಎಳೆದು ತಂದ ವಾಸನೆ ಅದರ ಬುಡದಲ್ಲಿ ಏನೇನೂ ಇರಲಿಲ್ಲ. ಒಣ ಗಾಳಿ ಮೂಗಿನೊಳಗೆ ಹೋಗಿ ಬಂತು, ಅಷ್ಟೆ. ಅದು ಕಾಫಿ ಗಿಡವೆಂದು ಆಕೆಗೆ ಹೇಳಿ, ಫೋನ್ ನಂಬರು ಕೊಟ್ಟು ಬಂದುಬಿಟ್ಟೆವು.

ಚಳಿಗಾಲದಲ್ಲಿ ಆಕೆಯ ಫೋನ್ ಬಂತು. "ಕೆಂಪುಗೆ ಅಣ್ಣಾಗವೆ. ಒಂದು ಅಕ್ಕಿಪಕ್ಕೀನೂ ಮುಟ್ಟಿಲ್ಲ ಕಣಮ್ಮ. ಬಂದು ಕಿತ್ಕಂಡ್ ಓಗಿ."

ಕಾಫಿಯ ಇನ್ನೊಂದು ಜಾತಿಯಾದ ರೊಬಸ್ಟಾ ಆಗಿದ್ದರೆ ಒಂಟಿ ಗಿಡ ಕಾಯಿ ಕಟ್ಟುತ್ತಿರಲಿಲ್ಲ. ಅರೇಬಿಕಾಕ್ಕೆ ಜೊತೆ ಬೇಕಿಲ್ಲ. ಹಣ್ಣು ತಂದು ಹಿಚುಕಿದೆ. ಸಾಮಾನ್ಯವಾಗಿ ಒಂದು ಹಣ್ಣಿನಲ್ಲಿ ಚಪ್ಪಟೆ ಬದಿ ಒಂದಕ್ಕೊಂದು ತಾಗಿದ ಹಾಗೆ ಎರಡು ಬೀಜ ಇರುತ್ತವೆ. ಎಲ್ಲೋ ಕೆಲವದರಲ್ಲಿ ಮಾತ್ರ ಒಂದೇ ದುಂಡು ಬೀಜ. ಇದರಲ್ಲಿ ಹಿಚುಕಿದ ಪ್ರತಿ ಹಣ್ಣಿನಲ್ಲೂ ಒಂದೊಂದೇ ಇತ್ತು. ತಾರಸಿಯ ಮೇಲೆ ಒಣಗಿಸಿ, ಸಿಪ್ಪೆ ಉಜ್ಜಿ ತೆಗೆದಾಗ ಒಂದೆರಡು ಬೊಗಸೆಯಾಯಿತು. ಡ್ರಮ್ಮಿಗೆ ಸಾಲದು. ಅವ್ವ ಬಾಣಲೆಯಲ್ಲಿ ಹುರಿಯಲು ಕೂತಳು. ನಾತಕ್ಕೆ ಹೆದರಿ ನಾನು ಅಡುಗೆಮನೆಯ ಬಾಗಿಲಾಚೆ, ಹಿತ್ತಿಲಿನಲ್ಲಿ ನಿಂತೆ.

ಬೀಜ ಸಿಡಿಯುವ ಸದ್ದು ಕೇಳಿತು. ಅದರ ಹಿಂದೆಯೇ ಘಮ ಬಂತು. ಅಪ್ಪ ಡ್ರಮ್ಮಿನ ಬಾಗಿಲು ತೆಗೆಯುವ ಹೊತ್ತಿನ ಆ ವಾಸನೆ, ಒಂದು ಎಳೆಯೂ ಕೆಡದೆ, ಪೂರ್ತಿಯಾಗಿ. ನಾನು ಗೋಡೆ ಹಿಡಿದುಕೊಂಡು ಅತ್ತುಬಿಟ್ಟೆ.

ಒಳಗಿನಿಂದ ಅವ್ವನ ದನಿ ಬಂತು. "ಇದೇನವ್ವ, ಇಷ್ಟು ಕಪ್ಪಗಾದ್ರೂ ವಾಸ್ನೆನೇ ಬತ್ತಾ ಇಲ್ವಲ್ಲ?"

ಒಳಗೆ ಹೋದೆ. ಅವ್ವ ಬಾಣಲೆಯ ಮೇಲೆ ಬಗ್ಗಿದ್ದಳು. ಹೊಗೆ ಅವಳ ಮುಖವನ್ನು ಸುತ್ತಿಕೊಂಡಿತ್ತು. ಅವಳು ಜೋರಾಗಿ ಉಸಿರೆಳೆಯುತ್ತಿದ್ದಳು, ಹುಡುಕುವವಳ ಹಾಗೆ. ನಮ್ಮ ಆಳನ್ನು ಕರೆದೆವು. ಅವನೂ ಮೂಸಿ ನೋಡಿ ಎರಡು ಹೆಜ್ಜೆ ಹಿಂದೆ ಸರಿದ. "ಒಗೆ ಕಾಣ್ತದೆ, ವಾಸ್ನೆ ಇಲ್ಲ. ನಂಗ್ಯಾಕೋ ಇದು ಸರಿ ಕಾಣಾಕಿಲ್ಲ ಕಣಕ್ಕ. ಚೆಲ್ಬುಡಿ."

ಚೆಲ್ಲಲಿಲ್ಲ. ಬೀಸಿ, ಡಿಕಾಕ್ಷನ್ ಇಳಿಸಿ, ಹಾಲು ಬೆರೆಸಿ ಕುಡಿದೆವು. ನನಗೆ ಅದು ಸಾಧಾರಣ ಕಾಫಿ, ಸ್ವಲ್ಪ ಹುಳಿ ಮುಂದಾದದ್ದು. ಅವ್ವ ಒಂದು ಗುಟುಕು ಕುಡಿದು, "ಬಿಸ್ನೀರು," ಎಂದಳು. ಆಳು ಲೋಟ ಮುಟ್ಟಲಿಲ್ಲ.

ಅದಾದ ಮೇಲೆ ನನ್ನ ಮೂಗು ಒಂದೊಂದಾಗಿ ಎಲ್ಲವನ್ನೂ ಮರಳಿ ಪಡೆಯಿತು. ಕೊತ್ತಂಬರಿ, ಮಣ್ಣು, ಬೆಲ್ಲ, ಕೊನೆಗೆ ನಮ್ಮ ಅಂಗಡಿಯ ಪುಡಿ. ಡಾಕ್ಟರು ನರ ಸರಿಯಾಗಿದೆ ಎಂದರು. ಇರಬಹುದು. ನಾನು ಮತ್ತೆ ಡ್ರಮ್ಮಿನ ಮುಂದೆ ನಿಂತೆ.

ಆದರೆ ಅವ್ವನಿಗೆ ಆ ದಿನದಿಂದ ಕಾಫಿಯ ವಾಸನೆ ಇಲ್ಲ. ಜ್ವರ ಬಂದಿರಲಿಲ್ಲ, ನೆಗಡಿಯೂ ಇಲ್ಲ. ಪಕ್ಕದ ಮನೆಯ ಇಂಗಿನ ಒಗ್ಗರಣೆ ಅವಳಿಗೆ ನನಗಿಂತ ಮೊದಲು ಗೊತ್ತಾಗುತ್ತದೆ. ಕಾಫಿ ಮಾತ್ರ ಇಲ್ಲ. ಡಾಕ್ಟರು ವಯಸ್ಸು ಎಂದರು. ಬೆಳಿಗ್ಗೆ ಫಿಲ್ಟರಿನ ಮುಚ್ಚಳ ತೆಗೆದು ಮೂಗು ಹತ್ತಿರ ಒಯ್ಯುತ್ತಾಳೆ, ಸುಮ್ಮನೆ ಮುಚ್ಚುತ್ತಾಳೆ. ಆಮೇಲೆ ನನ್ನನ್ನು ಕೇಳುತ್ತಾಳೆ, "ಚೆನ್ನಾಗ್ ಬತ್ತಾ ಅದಾ?" ಬರುತ್ತಿದೆ ಎನ್ನುತ್ತೇನೆ.

ಮರುವರ್ಷ ಹಣ್ಣಾದಾಗ ವೈದ್ಯನಾಥಪುರದಿಂದ ಮತ್ತೆ ಫೋನ್ ಬಂತು. "ತಂದು ಹುರಿಯೋಣ್ವಾ ಅವ್ವ? ನಿನ್ನದೂ ವಾಪಸ್ ಬರಬಹುದು," ಎಂದೆ.

ಅವ್ವ ಅವರೆಕಾಯಿ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ. "ಬಂದ್ರೆ ಯಾರ್ದಾದ್ರೂ ತಗಂಡೇ ಬರೋದು ಕಣವ್ವ ಅದು. ಈ ಮನೇಲಿ ಇರೋರು ನಾವಿಬ್ರೇ. ಬ್ಯಾಡ ಬುಡು."

ನಾನು ವೈದ್ಯನಾಥಪುರದ ಆಕೆಗೆ ಫೋನ್ ಮಾಡಿ, ಹಣ್ಣು ಬೇಡವೆಂದು ಹೇಳಿದೆ.