ತಪ್ಪು ಎಡಗಾಲಿನ ಬೂಟಿನದು

ಪೆಟ್ಟಿಗೆಯ ಮುಚ್ಚಳ ತೆಗೆದ ಕೂಡಲೇ ಆ ವಾಸನೆ ಬಂತು. ಅಂಟು, ರಬ್ಬರು, ಸ್ವಲ್ಪ ಪಾಲಿಶು, ಮತ್ತೆ ಒಳಗೆ ತುರುಕಿದ ತೆಳು ಕಾಗದದ ವಾಸನೆ... ಮಾಜಿವಾಡಾ ಹತ್ತಿರದ ದೊಡ್ಡ ಅಂಗಡಿಯಲ್ಲಿ, ಎಸಿಯ ತಂಪಿನಲ್ಲಿ, ನಾನು ಕಪ್ಪು ಬೂಟೊಂದನ್ನು ಮೂಗಿಗೆ ಹಿಡಿದುಕೊಂಡು ನಿಂತುಬಿಟ್ಟೆ. ಸೇಲ್ಸ್ ಹುಡುಗಿ ನನ್ನನ್ನು ಒಂದು ಥರ ನೋಡಿದಳು. ಮಗಳಂತೂ ನಾನು ಯಾರೋ ಎಂಬಂತೆ ಆಚೆ ತಿರುಗಿಕೊಂಡಳು.

ಅವಳಿಗೆ ಈ ಜೂನಿನಿಂದ ಎಂಟನೆಯ ತರಗತಿ. ಹೊಸ ಶಾಲೆ, ಹೊಸ ಯೂನಿಫಾರ್ಮು, ಲೇಸು ಕಟ್ಟುವ ಕಪ್ಪು ಬೂಟೇ ಆಗಬೇಕೆಂಬ ಹೊಸ ಕಟ್ಟಳೆ. ಮೊಬೈಲಿನಲ್ಲೇ ತರಿಸಿಬಿಡೋಣ ಎಂದವಳನ್ನು ನಾನು ಎಳೆದುಕೊಂಡು ಬಂದಿದ್ದೆ. ಒಂದು ಜೊತೆ ಹಾಕಿಕೊಂಡು ಎರಡು ಹೆಜ್ಜೆ ಇಟ್ಟು, "ಮಮ್ಮಿ, ಫಿಟ್ ಹೈ. ಚಲೋ ಅಬ್" ಎಂದಳು. ನಾನು ಕನ್ನಡದಲ್ಲಿ ಎಷ್ಟು ಮಾತಾಡಿದರೂ ಅವಳ ಉತ್ತರ ಹಿಂದಿಯಲ್ಲೇ. ಫಿಟ್ ಎಂದಾಗ ಅವಳ ಮುಖವನ್ನೇ ದಿಟ್ಟಿಸಿದೆ. ನಿಜ ಹೇಳುತ್ತಿದ್ದಾಳೋ, ಇಲ್ಲವೋ ಎಂದು. ಹಾಗೆ ನೋಡುತ್ತಿರುವಾಗ ಕಲ್ಯಾಣದ ಬೂಟಿನ ಅಂಗಡಿಯ ಕಾಕಾ ನೆನಪಾದರು.

ಅವರ ಅಂಗಡಿ ಕಲ್ಯಾಣ ಸ್ಟೇಷನ್ನಿನ ಪುಲ್ಲಿನ, ಅಂದರೆ ಹಳಿ ದಾಟುವ ಮೇಲ್ಸೇತುವೆಯ ಬುಡದಲ್ಲಿ, ಒಂದು ಇಕ್ಕಟ್ಟು ಗಲ್ಲಿಯಲ್ಲಿತ್ತು. ಕೈ ಚಾಚಿದರೆ ಎರಡೂ ಕಡೆಯ ಗೋಡೆ ಸಿಗುವಷ್ಟು ಅಗಲ. ಕಾಕಾ ವಿಜಯಪುರದ ಕಡೆಯವರು. ಹರೆಯದಲ್ಲಿ ಕಲ್ಯಾಣದ ಮಾರ್ಕೆಟಿನಲ್ಲಿ ಮೂಟೆ ಹೊತ್ತು, ಆಮೇಲೆ ಯಾರದೋ ಹತ್ತಿರ ಬೂಟಿನ ಕೆಲಸ ಕಲಿತು, ಕೊನೆಗೆ ತಮ್ಮದೇ ಅಂಗಡಿ ಇಟ್ಟವರಂತೆ. ಬಿಳಿ ಪೈಜಾಮ, ಕಿವಿಯ ಮೇಲೆ ಸದಾ ಒಂದು ಪೆನ್ಸಿಲು. ಮರಾಠಿಯವರು, ಗುಜರಾತಿಯವರು, ನಮ್ಮವರು ಎಲ್ಲರಿಗೂ ಅವರು ಕಾಕಾ. ಅವರ ಹೆಸರನ್ನು ನಾನು ಕೇಳಲೇ ಇಲ್ಲ... ಆ ವಯಸ್ಸಿನಲ್ಲಿ ಕೇಳಬೇಕೆಂದು ಹೊಳೆಯುವುದೂ ಇಲ್ಲ.

ಆಗ ನಾವಿದ್ದದ್ದು ಡೊಂಬಿವಲಿ ಪೂರ್ವದ ಒಂದು ಚಾಳಿನಲ್ಲಿ. ಅಪ್ಪ ಉಡುಪಿ ಕಡೆಯಿಂದ ಬಂದು ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ನಿಲ್ಲುತ್ತಿದ್ದರು. ಏಳನೆಯವರೆಗೆ ನಾನು ಓದಿದ ಕನ್ನಡ ಶಾಲೆ ಹಿಂದಿನ ಗಲ್ಲಿಯಲ್ಲೇ ಇತ್ತು. ಗಂಟೆ ಹೊಡೆದ ಮೇಲೆ ಮನೆ ಬಿಟ್ಟರೂ ಪ್ರಾರ್ಥನೆಗೆ ಸಿಗುತ್ತಿದ್ದೆ, ಹವಾಯಿ ಚಪ್ಪಲಿಯಲ್ಲೇ. ಎಂಟನೆಯದಕ್ಕೆ ಮಾತ್ರ ಹಳಿಯಾಚೆ, ಪಶ್ಚಿಮಕ್ಕೆ ಹೋಗಬೇಕಿತ್ತು. ರೈಲ್ವೆ ಪುಲ್ ಹತ್ತಿ ಇಳಿದು, ಅಲ್ಲಿಂದ ಮತ್ತೆ ಅರ್ಧ ಗಂಟೆಯ ನಡಿಗೆ.

ಅಪ್ಪನಿಗೆ ಅದೇ ಚಿಂತೆ. ಒಂದು ದಿನ ಊಟಕ್ಕೆ ಕೂತಾಗ ಹೇಳಿದರು. "ನಡಿಲಿಕ್ಕೆ ಆಗುದಿಲ್ಲ ಅಂತಾದ್ರೆ ಈಗ್ಲೇ ಹೇಳು. ಊರಿಗೆ ಕಳಿಸುವ. ಅಜ್ಜಿ ಮನೆ ಎದುರೇ ಹೈಸ್ಕೂಲ್ ಉಂಟು." ಅವರು ಸಿಟ್ಟಿನಿಂದ ಹೇಳಿದ್ದಲ್ಲ, ಅಕ್ಕರೆಯಿಂದಲೇ ಹೇಳಿದ್ದು. ಹೋಟೆಲಿನವರ ಮನೆಗಳಲ್ಲಿ ಅದು ಹೊಸ ವಿಷಯವೂ ಅಲ್ಲ. ನಮ್ಮ ಚಾಳಿನ ಇಬ್ಬರು ಮಕ್ಕಳು ಹಾಗೆಯೇ ಊರಿಗೆ ಹೋದವರು, ಮೇ ತಿಂಗಳಲ್ಲಿ ಬ್ಯಾಗು ಹಿಡಿದು ನೆಂಟರ ಹಾಗೆ ಬಂದು ಹೋಗುತ್ತಿದ್ದರು. ತಮ್ಮದೇ ಮನೆಯಲ್ಲಿ ಲೋಟ ಎಲ್ಲಿದೆ ಎಂದು ಕೇಳುತ್ತಿದ್ದರು. ಅದನ್ನು ನೋಡಿ ನನಗೆ ಹೆದರಿಕೆಯಾಗುತ್ತಿತ್ತು. ಅಮ್ಮನನ್ನು ಬಿಟ್ಟು ನಾನು ಎಲ್ಲಿಗೂ ಹೋಗುವವಳಲ್ಲ ಎಂದು ಮನಸ್ಸಿನಲ್ಲೇ ಹಟ ಹಿಡಿದಿದ್ದೆ.

ತೊಂದರೆ ಏನೆಂದರೆ, ನಡೆಯಲು ನನಗೆ ನಿಜವಾಗಿಯೂ ಆಗುತ್ತಿರಲಿಲ್ಲ. ನನ್ನ ಎಡಗಾಲು ಬಲಗಾಲಿಗಿಂತ ಅರ್ಧ ಬೆರಳಿನಷ್ಟು ಗಿಡ್ಡ. ಈಗ ಅದಕ್ಕೆ ಡಾಕ್ಟರು ಹೇಳುವ ಉದ್ದನೆಯ ಹೆಸರೂ ಗೊತ್ತು. ಆಗ ಗೊತ್ತಿದ್ದದ್ದು ಇಷ್ಟೇ, ಸ್ವಲ್ಪ ದೂರ ನಡೆದರೆ ಸೊಂಟದ ಎಡಗಡೆ ಯಾರೋ ಮೊಳೆ ಹೊಡೆದ ಹಾಗೆ ನೋಯುತ್ತದೆ. ಚಾಳಿನ ನೀರಿನ ಡ್ರಮ್ಮಿನ ಮರೆಯಲ್ಲಿ ಕೂತು ಕಾಲು ಒತ್ತಿಕೊಂಡು, ಎದ್ದು, ನಗುತ್ತಾ ಮನೆಯೊಳಗೆ ಬರುತ್ತಿದ್ದೆ. ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ.

ಬೂಟು ತರುವ ದಿನ ಬಂತು. ಡೊಂಬಿವಲಿಯಲ್ಲಿ ಬೂಟಿಗೇನು ಬರಗಾಲವೇ? ಸ್ಟೇಷನ್ ರಸ್ತೆಯಲ್ಲೇ ಹತ್ತು ಅಂಗಡಿಗಳು. ಅಮ್ಮ ಮಾತ್ರ ಅವೆಲ್ಲವನ್ನೂ ದಾಟಿ ನನ್ನನ್ನು ಲೋಕಲ್ ಟ್ರೇನು ಹತ್ತಿಸಿದಳು. ಯಾಕೆ ಎಂದು ಕೇಳಿದ್ದಕ್ಕೆ, "ಕಲ್ಯಾಣದಲ್ಲಿ ಒಳ್ಳೇದು ಸಿಗ್ತದಂತೆ" ಎಂದಳು. ಗಂಡನ ಜೊತೆಗಲ್ಲದೆ ಮನೆಯಿಂದ ಹೊರಗೆ ಹೋಗಿ ಅಭ್ಯಾಸವಿಲ್ಲದ ಅಮ್ಮ, ಆ ಗಲ್ಲಿಯನ್ನು ಯಾರನ್ನೂ ಕೇಳದೆ ಹುಡುಕಿಕೊಂಡದ್ದು ನನಗೆ ಆ ದಿನ ವಿಚಿತ್ರವೆನಿಸಬೇಕಿತ್ತು. ಎನಿಸಲಿಲ್ಲ.

"ಬರ್ರಿ ತಾಯಿ, ಕುಂಡ್ರಿ" ಎಂದರು ಕಾಕಾ. ಅಮ್ಮ ಕೂತವಳೇ ಎಲ್ಲ ತಾಯಂದಿರ ಹಾಗೆ ಶುರು ಮಾಡಿದಳು. "ಎರಡು ನಂಬರ್ ದೊಡ್ಡದೇ ಕೊಡಿ. ಹತ್ತನೇ ಕ್ಲಾಸಿನ ತನಕ ಬರ್ಬೇಕು."

"ಹುಡುಗಿ ಬೂಟು ಹಾಕ್ಕೊಂಡು ಸಾಲಿಗೆ ಹೋಗಬೇಕ್ರಿ ತಾಯಿ. ಬೂಟು ಹುಡುಗೀನ್ನ ಹಾಕ್ಕೊಂಡು ಹೋಗಬಾರ್ದು" ಎಂದು ಕಾಕಾ ನಕ್ಕರು. ಆಮೇಲೆ ನನ್ನನ್ನು ಕೇಳಿದ್ದು ಶಾಲೆ ಯಾವುದು ಎಂದಲ್ಲ, ದಾರಿ ಯಾವುದು ಎಂದು. ಪುಲ್ಲಿಗೆ ಮೆಟ್ಟಿಲೆಷ್ಟು, ಮಳೆಗಾಲದಲ್ಲಿ ನೀರು ಎಲ್ಲಿ ನಿಲ್ಲುತ್ತದೆ, ರಸ್ತೆ ಡಾಂಬರಿನದೋ ಕಲ್ಲಿನದೋ... ನಾನು ಹೇಳುತ್ತಾ ಹೋದೆ, ಅವರು ತಲೆಯಾಡಿಸುತ್ತಾ ನನ್ನ ಪಾದದ ಸುತ್ತ ಪೆನ್ಸಿಲು ಓಡಿಸಿದರು.

ಬೂಟು ಹಾಕಿಸಿ ಕನ್ನಡಿ ತೋರಿಸಲಿಲ್ಲ. ಅವರ ಅಂಗಡಿಯಲ್ಲಿ ಕನ್ನಡಿಯೇ ಇರಲಿಲ್ಲ. ಎದುರಿನ ಪುಲ್ಲನ್ನು ತೋರಿಸಿ, "ತಂಗಿ, ಆ ಮೆಟ್ಲ ಹತ್ತಿ ಇಳದು ಬಾ" ಎಂದರು. ಯಾವ ಮಗು ಬಂದರೂ ಅವರ ಪದ್ಧತಿ ಅದೇ ಅಂತೆ. ಹೊಸ ಬೂಟು ಹಾಕಿಕೊಂಡು ಹೀಗೆ ಮಕ್ಕಳು ಹೋಗಿಬಿಟ್ಟರೆ ಏನು ಗತಿ ಎಂದು ಅಮ್ಮ ಕೇಳಿದಳು. "ಹಳೀ ಚಪ್ಪಲ ಇಲ್ಲೇ ಅದಾವಲ್ರಿ. ಮಂದಿ ಹೊಸಾದು ಬಿಟ್ಟಾರು, ಹಳೀದು ಬಿಡಾಂಗಿಲ್ಲ."

ನಾನು ಹತ್ತಿದೆ. ಅರ್ಧಕ್ಕೇ ಸೊಂಟ ಹಿಡಿದುಕೊಂಡಿತು. ಕೆಳಗಿನಿಂದ ಇಬ್ಬರೂ ನೋಡುತ್ತಿದ್ದಾರೆ ಎಂದು ಹಲ್ಲು ಕಚ್ಚಿ ಹತ್ತಿ, ಇಳಿದು, ಬರುವಾಗ ಬಾಯಿತುಂಬ ನಗು ಅಂಟಿಸಿಕೊಂಡೆ. "ಸರಿ ಉಂಟು" ಎಂದೆ. ಕಾಕಾ ನನ್ನ ಹಳೆಯ ಚಪ್ಪಲಿಯನ್ನು ಕೈಯಲ್ಲಿ ಮಗುಚಿ ನೋಡುತ್ತಿದ್ದರು. ಎಡಗಾಲಿನದ್ದು ಒಂದು ಅಂಚಿನಲ್ಲಿ ಕಾಗದದಷ್ಟು ತೆಳ್ಳಗೆ ಸವೆದಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಲ್ಲ, ಹಾಗೆ ನಾನು ಎಡಗಾಲನ್ನು ಬಲಗಾಲಿನ ಹಿಂದೆ ಅಡಗಿಸಿಕೊಂಡೆ. ಇನ್ನು ಇವರು ಹೇಳುತ್ತಾರೆ, ಅಮ್ಮನಿಗೆ ಗೊತ್ತಾಗುತ್ತದೆ, ಅಮ್ಮ ಅಪ್ಪನಿಗೆ ಹೇಳುತ್ತಾಳೆ, ನಾಡಿದ್ದು ಊರಿನ ಬಸ್ಸು... ಎಂದು ಮನಸ್ಸಿನಲ್ಲೇ ಎಣಿಸುತ್ತಿದ್ದೆ.

ಕಾಕಾ ಚಪ್ಪಲಿಯನ್ನು ಕೆಳಗಿಟ್ಟರು. ಹೊಸ ಬೂಟಿನ ಎಡಗಾಲಿನದ್ದನ್ನು ಕೈಗೆತ್ತಿಕೊಂಡು ಮುಖ ಸಿಂಡರಿಸಿದರು.

"ಈ ಕಂಪನಿಯಾಂವಂದು ಯಾವತ್ತೂ ಹಿಂಗs ನೋಡ್ರಿ. ಎಡಗಾಲಿಂದು ಸ್ವಲ್ಪ ತಗ್ಗು ಬರ್ತದ. ತಪ್ಪು ಬೂಟಿಂದು. ತಂಗಿ ಏನ್ ಮಾಡ್ಯಾಳು ಪಾಪ. ಒಂದು ಪಟ್ಟಿ ಇಟ್ಟು ಸರಿ ಮಾಡಿ ಕೊಡ್ತೀನಿ."

ಅಮ್ಮ ಕೂಡ, "ಈಗಿನವರಿಗೆ ಒಂದು ಬೂಟು ನೆಟ್ಟಗೆ ಮಾಡ್ಲಿಕ್ಕೆ ಬರುದಿಲ್ಲ" ಎಂದು ಬೈದಳು. ಕಾಕಾ ದಪ್ಪ ಚರ್ಮದ ತುಂಡೊಂದನ್ನು ಕೊಯ್ದು, ಅಂಚನ್ನು ಉಜ್ಜಿ ಉಜ್ಜಿ ತೆಳ್ಳಗೆ ಮಾಡಿ, ಹಿಮ್ಮಡಿಯ ಜಾಗದಲ್ಲಿ ಅಂಟಿಸಿದರು. ಅದರ ಮೇಲೆ ಬಟ್ಟೆಯ ಪದರ ಎಳೆದು ಮುಚ್ಚಿದರು. ನೋಡಿದರೆ ಏನೂ ಕಾಣಿಸುತ್ತಿರಲಿಲ್ಲ. ಮತ್ತೊಮ್ಮೆ ಪುಲ್ಲಿಗೆ ಕಳಿಸಿದರು. ಈ ಸಲ ನೋವಿಲ್ಲದೆ ತುದಿಯವರೆಗೆ ಹತ್ತಿದೆ. ಇಳಿಯುವಾಗ ನನ್ನ ಎರಡೂ ಹೆಜ್ಜೆಗಳು ಒಂದೇ ಸದ್ದು ಮಾಡುತ್ತಿದ್ದವು. ಅಷ್ಟು ವರ್ಷ ಅವು ಬೇರೆ ಬೇರೆ ಸದ್ದು ಮಾಡುತ್ತಿದ್ದವು ಎಂಬುದೇ ನನಗೆ ಆಗ ತಿಳಿದದ್ದು. ಖುಷಿಯಲ್ಲಿ ಮತ್ತೊಂದು ಸಲ, ಯಾರೂ ಹೇಳದೆಯೇ, ಹತ್ತಿ ಇಳಿದೆ.

ಹೀಗೆ ನಾನು ಡೊಂಬಿವಲಿಯಲ್ಲೇ ಉಳಿದೆ. ಜುಲೈ ಕಳೆಯಿತು, ದೀಪಾವಳಿ ಕಳೆಯಿತು, ಅಪ್ಪ ಊರಿನ ಹೈಸ್ಕೂಲಿನ ಮಾತು ಎತ್ತುವುದನ್ನೇ ಬಿಟ್ಟರು. ಪ್ರತಿ ಜೂನಿನಲ್ಲಿ ಅಮ್ಮ ನನ್ನನ್ನು ಕಲ್ಯಾಣಕ್ಕೆ ಕರೆದೊಯ್ಯುತ್ತಿದ್ದಳು, ಪ್ರತಿ ಸಲ ಕಾಕಾ ಎಡಗಾಲಿನ ಬೂಟನ್ನು ಹಿಡಿದು ಕಂಪನಿಗೆ ಶಾಪ ಹಾಕುತ್ತಿದ್ದರು. ನಾನು ಅದನ್ನು ಎಷ್ಟು ನಂಬಿದ್ದೆನೆಂದರೆ, ಗೆಳತಿಯರಿಗೆಲ್ಲ ಎಡಗಾಲಿನ ಬೂಟು ನೋಡಿ ತಗೊಳ್ಳಿ ಎಂದು ಬುದ್ಧಿ ಹೇಳುತ್ತಿದ್ದೆ. ಪೆದ್ದಿ ಎಂದರೆ ಪೆದ್ದಿ.

ಹತ್ತನೆಯ ತರಗತಿಯ ಫಲಿತಾಂಶ ಬಂದಾಗ ಪೇಡೆಯ ಪೆಟ್ಟಿಗೆ ಹಿಡಿದು ಮೊದಲ ಸಲ ಒಬ್ಬಳೇ ಕಲ್ಯಾಣಕ್ಕೆ ಹೋದೆ. ಕಾಕಾ ಎದ್ದು ನಿಂತರು. ಒಂದು ಪೇಡೆ ಬಾಯಿಗೆ ಹಾಕಿಕೊಂಡು, ಕಣ್ಣು ಒರೆಸಿಕೊಂಡು, ಆ ಸಂತೋಷದಲ್ಲಿ ಬಾಯಿ ತಪ್ಪಿ ಹೇಳಿಬಿಟ್ಟರು.

"ನಿಮ್ಮವ್ವ ಭಾಳ ಗಟ್ಟಿಗಿತ್ತಿ ತಂಗಿ. ನಿನ್ನ ಕರಕೊಂಡು ಬರೋ ಹಿಂದಿನ ದಿನ ಒಬ್ಬಾಕೀನೇ ಬಂದಿದ್ಲು, ನಿನ್ನ ಹಳೀ ಚಪ್ಪಲ ಚೀಲದಾಗ ಹಾಕ್ಕೊಂಡು. ಮಗಳ ಕಾಲು ಹಿಂಗ ಅದ, ಅಕಿಗೂ ಗೊತ್ತಾಗಬಾರ್ದು, ಅವರಪ್ಪಗೂ ಗೊತ್ತಾಗಬಾರ್ದು, ಏನಾರ ಮಾಡ್ರಿ ಅಂತ ಕೈ ಮುಗದು ಅತ್ಲು."

ನನಗೆ ಆ ದಿನ ನೆನಪಿತ್ತು. ಚಪ್ಪಲಿ ಕಾಣದೆ ಹುಡುಕಿದಾಗ ಪಕ್ಕದ ಮನೆಯವರು, ನಿಮ್ಮಮ್ಮ ತೊಳೆದು ಎಲ್ಲೋ ಒಣಗಲಿಕ್ಕೆ ಇಟ್ಟಿರಬೇಕು ಎಂದಿದ್ದರು. ಅಂದರೆ ಮರುದಿನ ಅಂಗಡಿಯಲ್ಲಿ ನಡೆದದ್ದೆಲ್ಲ ನಾಟಕ. ಎರಡು ನಂಬರ್ ದೊಡ್ಡದು ಕೊಡಿ ಎಂದದ್ದೂ ನಾಟಕ. ಇಬ್ಬರಿಗೂ ಮೊದಲಿನಿಂದಲೇ ಎಲ್ಲ ಗೊತ್ತಿತ್ತು, ನಾನು ಅಂಟಿಸಿಕೊಂಡ ನಗು ಕೂಡ.

ಆಗ ನಾನು ಮಾಡಿದ್ದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಹದಿನಾರರ ಹುಡುಗಿಯ ಬಿಗುಮಾನ... "ನನ್ನ ಕಾಲಿಗೆ ಏನೂ ಆಗಿಲ್ಲ" ಎಂದು ಹೇಳಿ, ತರಿಸಿದ್ದ ಚಹಾವನ್ನೂ ಮುಟ್ಟದೆ ಹೊರಟುಬಿಟ್ಟೆ. "ತಂಗಿ, ಅವ್ವಗ ಹೇಳಬ್ಯಾಡ" ಎಂದು ಹಿಂದಿನಿಂದ ಕೂಗಿದ್ದು ಕೇಳಿಸಿತು. ಆ ಒಂದು ಮಾತನ್ನು ಮಾತ್ರ ನಡೆಸಿಕೊಟ್ಟೆ. ಆಮೇಲೆ ಆ ಅಂಗಡಿಗೆ ಹೋಗಲಿಲ್ಲ. ಕಾಲೇಜಿಗೆ ಹೋಗುವಾಗ ನಾನೇ ಎಲ್ಲೆಲ್ಲೋ ಚಪ್ಪಲಿ ಕೊಂಡು, ಒಳಗೆ ಬಟ್ಟೆ ಮಡಿಸಿ ಇಟ್ಟುಕೊಂಡೆ. ಒಂದೂ ಕಾಕಾ ಮಾಡಿದ ಹಾಗೆ ಕೂರಲಿಲ್ಲ. ಓದು ಮುಗಿಸಿ, ಮಹಾಪೆ ಕೈಗಾರಿಕಾ ಪ್ರದೇಶದ ಲ್ಯಾಬೊಂದರಲ್ಲಿ ದಿನವಿಡೀ ನಿಂತೇ ಮಾಡುವ ಕೆಲಸ ಹಿಡಿದೆ. ನಿಲ್ಲಲು ಕಲಿಸಿದವರಿಗೆ ಒಂದು ಮಾತು ಹೇಳಬೇಕೆಂದು ಅನಿಸುವಷ್ಟರಲ್ಲಿ ಮದುವೆಯಾಗಿ ಮಗಳೂ ಹುಟ್ಟಿದ್ದಳು. ಹೋಗಿ ನೋಡಿದರೆ ಆ ಗಲ್ಲಿಯಲ್ಲಿ ಮೊಬೈಲ್ ಕವರು ಮಾರುವವರು ಸಾಲಾಗಿ ಕೂತಿದ್ದರು. ಮೂಲೆಯ ಪಾನ್ ಅಂಗಡಿಯವನು, "ಕಾಕಾ? ವೋ ತೋ ಗುಜರ್ ಗಯೇ, ದೋ ಸಾಲ್ ಹುವೇ" ಎಂದ. ಕಾಕಾ ತೀರಿಕೊಂಡು ಆಗಲೇ ಎರಡು ವರ್ಷ. ಪುಲ್ಲಿನ ಮೆಟ್ಟಿಲಲ್ಲಿ ಸ್ವಲ್ಪ ಹೊತ್ತು ಕೂತಿದ್ದು ಎದ್ದು ಬಂದೆ.

ಇವತ್ತು ಬೂಟು ಕೊಂಡು ಮನೆಗೆ ಬಂದಾಗ ಅಮ್ಮ ನಡುಮನೆಯಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಅಪ್ಪ ಹೋದ ಮೇಲೆ ಅವಳು ನಮ್ಮ ಜೊತೆಗೇ ಇದ್ದಾಳೆ, ಮನೆಯ ಯಜಮಾನಿಕೆಯೂ ಅವಳದ್ದೇ. ಮೊಮ್ಮಗಳು "ಅಜ್ಜಿ, ದೇಖೋ" ಎಂದು ಬೂಟು ತೋರಿಸಿ ಕುಣಿದು ಒಳಗೆ ಓಡಿದಳು. ಅಮ್ಮ ಅವಳ ಬೂಟನ್ನು ನೋಡಲಿಲ್ಲ, ಓಡಿದ್ದನ್ನು ನೋಡಿದಳು. ನಾನೂ ಅದನ್ನೇ ನೋಡುತ್ತಿದ್ದೆ. ಇಷ್ಟು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡದ್ದು ಆಗ ತಾನಾಗಿಯೇ ಹೊರಗೆ ಬಂತು.

"ಅಮ್ಮ, ಕಲ್ಯಾಣದ ಕಾಕಾ ನಂಗೆ ಎಲ್ಲ ಹೇಳಿದ್ರು. ನೀನು ಹಿಂದಿನ ದಿನ ಹೋಗಿ ಅತ್ತದ್ದು."

ಬೆಳ್ಳುಳ್ಳಿ ಸುಲಿಯುವ ಕೈ ನಿಂತಿತು. "ಹೇಳ್ಬೇಡಿ ಅಂತ ಅಷ್ಟು ಹೇಳಿದ್ದೆ, ಆ ಮನುಷ್ಯ ಬಾಯಿ ಬಿಟ್ರಾ?" ಎಂದು ನಗಲು ಹೋದಳು. ನಗು ಅರ್ಧಕ್ಕೇ ನಿಂತಿತು. "ಈಗ ಇದ್ದಾರಾ?"

"ಇಲ್ಲ. ನಾನು ಹೋಗುವಾಗ ತಡ ಆಗಿತ್ತು."

ಅಮ್ಮ ಮಡಿಲಿಗೆ ಬಿದ್ದ ಸಿಪ್ಪೆಗಳನ್ನು ಒಂದೊಂದಾಗಿ ಹೆಕ್ಕಿ ತಟ್ಟೆಗೆ ಹಾಕಿದಳು. "ನಿನ್ನನ್ನು ಊರಿಗೆ ಕಳಿಸಿ ನಾನು ಎಂತ ಮಾಡ್ಬೇಕಿತ್ತು ಮಾರಾಯ್ತಿ ಈ ಡೊಂಬಿವಲಿಯಲ್ಲಿ? ಅವರಿಂದಾಗಿ ಉಳಿದೆ ನೀನು" ಎಂದಳು. ಆಮೇಲೆ ನನ್ನ ಕಾಲಿನ ಕಡೆ ಕಣ್ಣು ಹೋಯಿತು. ಅಲ್ಲೇ ನಿಂತಿತು.

"ಈಗ ನೋವುಂಟಾ?"

ಹುಟ್ಟಿದಾಗಿನಿಂದ ನನ್ನನ್ನು ನೋಡಿದವಳು ಈ ಪ್ರಶ್ನೆಯನ್ನು ಬಾಯಿ ಬಿಟ್ಟು ಕೇಳಿದ್ದು ಇದೇ ಮೊದಲು. ಇಲ್ಲ ಎಂಬ ಮಾತು ಅಭ್ಯಾಸಬಲದಿಂದ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿದೆ.

"ಉಂಟು ಅಮ್ಮ. ಸಂಜೆ ಹೊತ್ತಿಗೆ ಸ್ವಲ್ಪ."

ಅಮ್ಮ ಬೆಳ್ಳುಳ್ಳಿಯ ತಟ್ಟೆಯನ್ನು ಬದಿಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, "ಇಲ್ಲಿ ಕೊಡು" ಎಂದಳು. ನಾನು ಅವಳ ಮಡಿಲಲ್ಲಿ ಕಾಲು ಚಾಚಿದೆ.