ಖಾಲಿ ಹೊಟ್ಟೆಯ ಮಾತ್ರೆ

ನಾನು ಸೋಮಾರಿ ಎಂದು ನಮ್ಮ ಕಾಫಿ ತೋಟದಲ್ಲಿ ಮೊದಲು ಹೇಳಿದವನು ಮೇಸ್ತ್ರಿ. ಆ ವರ್ಷದ ಹಣ್ಣಿನ ಕೊಯ್ಲಿನಲ್ಲಿ ನನ್ನ ಕೈ ಏಳುತ್ತಿರಲಿಲ್ಲ. ಮುಖ ಊದಿತ್ತು, ಗಂಟಲು ಗಂಡಸಿನ ಹಾಗೆ ಒಡೆದಿತ್ತು. ಉಳಿದ ಹೆಂಗಸರು ಬೆವರು ಒರೆಸಿಕೊಳ್ಳುವ ಬಿಸಿಲಲ್ಲಿ ನಾನು ಸ್ವೆಟರ್ ಹಾಕಿಕೊಂಡು ನಡುಗುತ್ತಿದ್ದೆ.

"ಅಜ್ಜಿ, ನಿನ್ ಕೈಲಿ ಆಗಾಕಿಲ್ಲ. ಕುಯ್ಲು ಬುಟ್ಟು ಸ್ಟೋರ್ ಗುಡಿಸು," ಅಂದ.

"ಗಿಡದ ತಾವೇ ಸಾಯ್ತೀನಿ ಕಣೋ. ಪೊರಕೆ ನೀನೇ ಇಟ್ಕೋ."

ಹಾಗೆಂದೆ, ಆದರೆ ಒಳಗೆ ಭಯವಿತ್ತು. ಒಮ್ಮೆ ಪೊರಕೆ ಹಿಡಿದವಳನ್ನು ಮತ್ತೆ ಗಿಡದ ಸಾಲಿಗೆ ಯಾರೂ ಕರೆಯುವುದಿಲ್ಲ.

ಯಸಳೂರಿನಲ್ಲಿ ಬಸ್ಸು ಹತ್ತಿ ಸಕಲೇಶಪುರಕ್ಕೆ ಹೋದೆ. ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿದರು.

"ಅಜ್ಜಿ, ಮೈಗೆ ಚುರುಕು ಕೊಡೋ ಹಾರ್ಮೋನು ಕತ್ತಿನ ಥೈರಾಯ್ಡ್ ಗ್ರಂಥಿಯಲ್ಲಿ ತಯಾರಾಗುತ್ತೆ. ರೋಗದ ಮೇಲೆ ಹೋರಾಡಬೇಕಾದ ಪ್ರತಿಕಾಯಗಳು ಆ ಗ್ರಂಥಿಯನ್ನೇ ಶತ್ರು ಅಂದ್ಕೊಂಡು ಹಾಳು ಮಾಡ್ತಿವೆ."

"ನನ್ ಅನ್ನ ತಿಂದು ನನ್ ಕತ್ತಿಗೇ ಬಂದವಾ?"

ಅವರು ನಕ್ಕು ಮಾತ್ರೆ ಬರೆದರು. ದಿನಾ ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ, ಬದುಕಿರುವವರೆಗೂ.

ತಿಂಗಳುಗಟ್ಟಲೆ ನುಂಗಿದರೂ ಊತ ಇಳಿಯಲಿಲ್ಲ. ಮತ್ತೆ ರಕ್ತ ಕೊಟ್ಟರೆ ಹಾರ್ಮೋನು ಹಾಗೇ ಕಡಿಮೆ.

"ಮಾತ್ರೆ ಬಿಟ್ಟಿದ್ದೀರಾ?"

"ಒಂದಿನಾನೂ ಬುಟ್ಟಿಲ್ಲ. ಎದ್ದೇಟ್ಗೆ ಕಾಫಿ ಜೊತೆ ನುಂಗ್ತೀನಿ."

"ಖಾಲಿ ಹೊಟ್ಟೆ ಅಂದಿದ್ನಲ್ಲ!"

"ಖಾಲಿನೇ ಐತೆ ಕಣವ್ವ. ಕಾಫಿ ಏನು ಊಟನಾ?"

ತೋಟದ ಕೂಲಿಯವರಾದ ನಮ್ಮ ಲೈನ್ ಮನೆಗಳಲ್ಲಿ ಬೆಲ್ಲದ ಕರಿ ಕಾಫಿ ಕುಡಿಯದೆ ಯಾರೂ ಮಾತೇ ಆಡುವುದಿಲ್ಲ. ತಲೆನೋವಿನ ಗುಳಿಗೆಯೂ ಅದರಲ್ಲೇ ಇಳಿಯುತ್ತದೆ. ಅದು ಹೊಟ್ಟೆಗೆ ಹೋದ ಲೆಕ್ಕವೇ ಅಲ್ಲ. ಆದರೆ ಕಾಫಿ ಜೊತೆ ನುಂಗಿದರೆ ಈ ಮಾತ್ರೆ ಸರಿಯಾಗಿ ಮೈಗೆ ಹತ್ತುವುದಿಲ್ಲವಂತೆ. ನೀರಲ್ಲಿ ನುಂಗಿ ಒಂದು ಗಂಟೆ ಕಾಯಬೇಕಂತೆ.

"ಕಾಫಿ ಸೀಮೇಲಿ ಕೂತ್ಕಂಡು ಇದನ್ನ ಮೊದ್ಲೇ ಹೇಳ್ಬಾರ್ದಾ ತಾಯಿ?"

"ಹೇಳ್ಬೇಕಿತ್ತು ಅಜ್ಜಿ," ಎಂದರು.

ಆ ಒಂದು ಗಂಟೆಯಂಥ ಕೆಟ್ಟ ಹೊತ್ತು ಇನ್ನೊಂದಿಲ್ಲ. ಲೈನೆಲ್ಲ ಕಾಫಿ ಘಮ. ನಾನು ಬಾಯಿ ಮುಚ್ಚಿಕೊಂಡು ಸೌದೆ ಒಡೆಯುತ್ತಿದ್ದೆ. ಮಳೆಗಾಲ ಮುಗಿಯುವಷ್ಟರಲ್ಲಿ ಊತ ಇಳಿಯಿತು, ಕೈಗೆ ಚುರುಕು ಬಂತು. ಪ್ರತಿಕಾಯಗಳು ಹೋಗಿಲ್ಲ, ಹೋಗುವುದೂ ಇಲ್ಲವಂತೆ. ಇರಲಿ. ನಾನೂ ಎಲ್ಲಿಗೂ ಹೋಗುವುದಿಲ್ಲ.

ಮುಂದಿನ ಕೊಯ್ಲಿನ ಮೊದಲ ದಿನ ಮೇಸ್ತ್ರಿ ಸಾಲು ಹಂಚುವಾಗ ನನ್ನ ಹೆಸರು ಕರೆಯಲಿಲ್ಲ. ಸೊಂಟಕ್ಕೆ ಚೀಲ ಕಟ್ಟಿಕೊಂಡು, ಯಾರನ್ನೂ ಕೇಳದೆ ಅಂಚಿನ ಸಾಲಿಗೆ ಇಳಿದೆ.

"ಅಲ್ಲಿ ಇಳಿಜಾರು ಬಲು ಕಡಿದಾಗೈತೆ ಕಣಜ್ಜಿ! ಬಿದ್ಗಿದ್ದೀಯ!"

"ಗೊತ್ತು ಮಾರಾಯ. ಸಂಜೆ ತೂಕಕ್ಕೆ ಬಾ."

ಬಂದ. ನನ್ನ ಚೀಲ ತೂಗಿದ, ತಕ್ಕಡಿಯ ಮುಳ್ಳನ್ನು ಎರಡು ಸಲ ನೋಡಿದ. ಮರುದಿನ ಎಲ್ಲರಿಗಿಂತ ಮೊದಲು ನನ್ನ ಹೆಸರು ಕರೆದ.