ಅಟ್ಟದಲ್ಲಿ ಮೊಳೆತ ತಳಿ

ಕಿಟಕಿಗೆ ಬೆನ್ನು ಹಾಕಿ, ತಲೆ ಬಾಗಿಸಿ, ಅಲುಗಾಡದೆ ಕೂತಿದ್ದ ಸದಾಶಿವಯ್ಯನವರನ್ನು ಮೊದಲ ಸಲ ಕಂಡಾಗ ಲಿಂಗಪೂಜೆ ನಡೆದಿದೆಯೆಂದುಕೊಂಡು ನಾನು ಹೊರಗೇ ಕೈಮುಗಿದು ನಿಂತೆ. ಆಮೇಲೆ ನೋಡಿದರೆ ಕಿವಿಗೆ ಒಂದು ತೆಂಗಿನಕಾಯಿ ಹಿಡಿದಿದ್ದರು. ಒಳಗೆ ಕೊಬ್ಬರಿ ಕಳಚಿಕೊಂಡು ಗುಡುಗುಡು ಅನ್ನುತ್ತದೆಯೇ ಎಂದು ಆಲಿಸುತ್ತಿದ್ದರಂತೆ.

ಭಕ್ತಿಗೇನೂ ಕೊರತೆಯಿರಲಿಲ್ಲ, ಬಿಡಿ. ತುರುವೇಕೆರೆ ಸೀಮೆಯಲ್ಲಿ ತಮ್ಮ ತೋಟದ ಬಗ್ಗೆ ಅವರಷ್ಟು ಭಾಷಣ ಮಾಡಿದವರಿಲ್ಲ. “ಮುತ್ತಾತನ ಕಾಲದ್ದು ಕಣ್ರೀ! ರಾಜರು ಹೋದ್ರು, ಮಂತ್ರಿಗಳು ಬಂದ್ರು, ನಮ್ ತಳಿ ಒಂದಿಷ್ಟೂ ಅಲುಗಿಲ್ಲ!”

ತೊಂಬತ್ತೇಳರ ಬೇಸಿಗೆಯಲ್ಲಿ ತಿಪಟೂರಿನ ಕೊಬ್ಬರಿ ವ್ಯಾಪಾರಿ ಅಬ್ದುಲ್ ಖಾದರ್ ಸದಾಶಿವಯ್ಯನವರ ಅಟ್ಟ ಹತ್ತಿ, ಹಾಗೇ ಇಳಿದರು. ವರ್ಷವಿಡೀ ಸುಮ್ಮನೆ ಒಣಗಬೇಕಾದ ಕಾಯಿಗಳಲ್ಲಿ ಅರ್ಧಕ್ಕರ್ಧ ಮೊಳಕೆಯೊಡೆದು ಹೆಂಚಿನ ಸಂದಿಯ ಬೆಳಕಿಗೆ ಕತ್ತು ಚಾಚಿದ್ದವು.

“ಅಯ್ನೋರೇ, ನಾನು ಕೊಬ್ಬರಿ ತಗಳಾಕೆ ಬಂದವ್ನು. ನೀವು ಮೇಲೆ ನರ್ಸರಿ ಮಡಗಿದೀರಲ್ಲ!”

“ಈ ಸಲ ಸೆಕೆ ಜಾಸ್ತಿ ಕಣಪ್ಪ.”

“ಪಕ್ಕದ್ಮನೆ ಅಟ್ಟಕ್ಕೂ ಇದೇ ಸೆಕೆ ಅಲ್ವಾ?”

ಆ ಮನೆಯಲ್ಲೊಂದು ಪದ್ಧತಿಯಿತ್ತು. ಅಟ್ಟದಲ್ಲಿ ಮೊಳೆತ ಕಾಯಿ ಲಕ್ಷ್ಮಿ. ಒಡೆಯಬಾರದು, ತೋಟದಲ್ಲಿ ನೆಡಬೇಕು. ಮುತ್ತಾತ ನೆಟ್ಟ, ತಾತ ನೆಟ್ಟ, ಅಪ್ಪ ನೆಟ್ಟ. ಹೆಂಡತಿ ಶಿವರುದ್ರಮ್ಮ ಒಲೆ ಮುಂದಿನಿಂದ ಏಳದೆಯೇ ಹೇಳಿದರು: “ಸುಮ್ನೆ ಒಣಗಿದ್ ಕಾಯ್ನೆಲ್ಲ ಮಾರ್ಕೊಂಡ್ ತಿಂದ್ರಿ. ಆತುರಗೆಟ್ಟು ಮೊಳ್ತಿದ್ದನ್ನ ವಂಶ ಬೆಳಸಾಕೆ ನೆಟ್ರಿ. ಇನ್ನೇನ್ ಹುಟ್ಟೀತು?”

ತಳಿ ಉಳಿಸಿದೆವೆಂದು ಬೀಗುತ್ತಲೇ ಇಡೀ ಮನೆತನ ಅದನ್ನು ಸದ್ದಿಲ್ಲದೆ ಬದಲಿಸಿತ್ತು! ಹಿಂದಿನ ಹೊಲದಲ್ಲಿ ಹೊಸ ಗುಂಡಿಗಳು ಬೇರೆ ಬಾಯ್ತೆರೆದು ಕಾಯುತ್ತಿದ್ದವು. ತಪ್ಪು ಸಸಿ ನೆಟ್ಟರೆ ಗೊತ್ತಾಗುವಷ್ಟರಲ್ಲಿ ಸದಾಶಿವಯ್ಯನವರಿಗೆ ಎಪ್ಪತ್ತು ದಾಟಿರುತ್ತದೆ. ಸರಿಯಾದದ್ದು ಬೇಕೆಂದರೆ ಸಂಪಿಗೆ ಎಂಬ ಊರಿನಲ್ಲಿರುವ ತಂಗಿ ಚಿಕ್ಕಗೌರಮ್ಮನನ್ನು ಕೇಳಬೇಕು. ಆಕೆಯ ಗಂಡನ ಮನೆಯ ಕಾಯಿಗಳು ಅಟ್ಟದಲ್ಲಿ ಋಷಿಗಳಂತೆ ತೆಪ್ಪಗಿರುತ್ತಿದ್ದವು. ಆದರೆ ಆ ತೋಟವನ್ನು ಅವರು ಬೀಗರೆದುರೇ “ನಿನ್ನೆ ಮೊನ್ನೇದು” ಎಂದು ಹಳಿದಿದ್ದರಲ್ಲ!

ಒಂದು ವಾರ ಆ ಖಾಲಿ ಗುಂಡಿಗಳನ್ನೇ ಸುತ್ತು ಹಾಕಿದರು. ಕೊನೆಗೆ ಹೋದರು, ಕೇಳಿದರು, ತಂಗಿಯ ನಗೆ ನುಂಗಿಕೊಂಡರು. ಸಸಿಗಳನ್ನು ಬಸ್ಸಿನ ಟಾಪಿಗೆ ಹೇರಿ, ಕದ್ದ ಮಾಲಿನಂತೆ ಗೋಣಿ ಮುಚ್ಚಿ ತಂದರು.

ಅವನ್ನು ನೆಟ್ಟು ಮಣ್ಣೆಳೆಯುತ್ತಿದ್ದಾಗ ಊರಿನ ನಿವೃತ್ತ ಮೇಷ್ಟ್ರು ಶ್ರೀರಂಗಯ್ಯ ಬೇಲಿಯಾಚೆ ನಿಂತು, ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಬೆವರೊರೆಸುತ್ತ, ಪರೀಕ್ಷೆಯ ಗತ್ತಿನಲ್ಲಿ ಕೇಳಿದರು: “ಅದ್ಸರಿ ಸದಾಶಿವಯ್ಯ, ನಿಮ್ ತಳಿ ಬದಲಾಗಿದ್ದು ಕರೆಕ್ಟಾಗಿ ಯಾವತ್ತು?”

ಸದಾಶಿವಯ್ಯ ತಲೆಯೆತ್ತಿ, ಬಿಸಿಲಿಗೆ ಫಳಫಳ ಹೊಳೆಯುತ್ತಿದ್ದ ನೆತ್ತಿಯನ್ನು ನೋಡಿದರು.

“ನಿಮ್ ತಲೆ ಬೋಳಾಗಿದ್ದು ಯಾವ್ ಸೋಮ್ವಾರ ಮೇಷ್ಟ್ರೇ?”